ಓದಿ ಹಾಕಿದ ಹೆಸರು

ಮಣಿಪಾಲ
5 ಮೇ 2025

ಹಸೀನಾ,

ಈ ಲಕೋಟೆಯನ್ನು ಬಿಡಿಸುವ ಮೊದಲು ಕೈಯಲ್ಲಿ ತೂಗಿ ನೋಡಿರುತ್ತೀಯ. ಒಳಗೆ ಮದುವೆ ಕಾಗದ ಇಲ್ಲ, ಹೆದರಬೇಡ. ಅರವತ್ತೊಂದು ಹಾಳೆ ಕೋಡ್ ಉಂಟು.

ಫೋನು ಮಾಡಿದರೆ ನೀನು ತೆಗೆಯುವುದಿಲ್ಲ. ಮೇಲ್ ಕಳುಹಿಸಿದರೆ ಅದು ಎಲ್ಲಿ ಹೋಗಿ ಬೀಳುತ್ತದೋ ಗೊತ್ತಿಲ್ಲ. ನಾಲ್ಕು ವರ್ಷದಲ್ಲಿ ನನಗೆ ಉಳಿದದ್ದು ನಿನ್ನ ಅಪ್ಪನ, ನಿನ್ನ ಮಾತಿನಲ್ಲಿ ಉಪ್ಪನ, ಅಂಗಡಿಯ ವಿಳಾಸ ಒಂದೇ. ಕಾಪು ಪೇಟೆಯ ಅಬ್ದುಲ್ ಹಕೀಂ ಅವರ ಬ್ಯಾಟರಿ ಅಂಗಡಿ ಎಂದರೆ ಪೋಸ್ಟ್‌ಮ್ಯಾನ್‌ಗೆ ಪಿನ್‌ಕೋಡ್ ಕೂಡ ಬೇಡ. ಸಹಿ ಹಾಕದೆ ತೆಗೆದುಕೊಳ್ಳಲು ಆಗಬಾರದೆಂದು ರಿಜಿಸ್ಟರ್ಡ್ ಮಾಡಿದೆ.

ವಿಷಯಕ್ಕೆ ಬರುತ್ತೇನೆ. ಹೆಜಮಾಡಿಯಲ್ಲಿ ಅಪ್ಪನ ದೋಣಿಯೂ ಸೇರಿ ಅವರ ಗುಂಪಿನ ಹದಿನೇಳು ದೋಣಿಗಳಿಗೆ ರೇಡಿಯೋ ಪೆಟ್ಟಿಗೆ ಮಾಡಿದ್ದೇನೆ. ಒಬ್ಬರಿಗೆ ಮೀನಿನ ಹಿಂಡು ಕಂಡರೆ ಗುಂಪಿನ ಉಳಿದವರಿಗೆ ಮಾತ್ರ ಜಾಗ ತಿಳಿಯಬೇಕು, ಬೇರೆಯವರು ಕದ್ದು ಕೇಳಿದರೆ ಅರ್ಥವಾಗಬಾರದು. ಈಗಿನ ವಯರ್‌ಲೆಸ್ಸಿನಲ್ಲಿ ಅಪ್ಪ ಬೂತಾಯಿ ಮೀನು ಎಂದು ಬಾಯಿ ತೆರೆಯುವುದೇ ತಡ, ಅರ್ಧ ಕರಾವಳಿ ಅಲ್ಲಿ ಬಂದು ಬಲೆ ಹಾಕಿರುತ್ತದೆ. ಪೆಟ್ಟಿಗೆಯಲ್ಲಿ ಒಂದು ಕೆಂಪು ಗುಂಡಿಯೂ ಉಂಟು, ಅಪಾಯವಾದರೆ ಒತ್ತುವುದಕ್ಕೆ.

ಒಳಗೆ ಓಡುವುದು ಲೋಕದವರೆಲ್ಲ ಸೇರಿ ಬರೆಯುವ, ನೀನು ರಿವ್ಯೂವರ್ ಆಗಿ ದಿನವೂ ಓದುವ ಅದೇ ಆಪರೇಟಿಂಗ್ ಸಿಸ್ಟಮ್. ಹೊರಗೆ ಹೋಗುವ ಸಂದೇಶದ ಪ್ರತಿ ಪ್ಯಾಕೆಟ್ಟಿಗೂ ಬೀಗ ಹಾಕುವ ಎನ್‌ಕ್ರಿಪ್ಶನ್ ಕೋಡನ್ನು ಅದರ ನೆಟ್‌ವರ್ಕ್ ಭಾಗಕ್ಕೆಂದು ನಾನು ಬರೆದಿದ್ದೇನೆ. ಅದು ಮೂಲ ಸಿಸ್ಟಮಿಗೇ ಸೇರಬೇಕಾದರೆ ಆ ಭಾಗದ ರಿವ್ಯೂವರ್ ಒಬ್ಬರು ಓದಿ ಕೆಳಗೆ ಹೆಸರು ಹಾಕಬೇಕು. ‘ಕಾಪುವಿನ ಹಸೀನಾ ಒಪ್ಪಿದರೆ ನಾವು ಎರಡನೇ ಸಲ ನೋಡುವುದಿಲ್ಲ’ ಎಂದು ಆ ಭಾಗದ ಮೇಲ್ವಿಚಾರಕರು ಜರ್ಮನಿಯಿಂದ ಬರೆದಿದ್ದಾರೆ. ಜರ್ಮನಿಯವರಿಗೆ ಕಾಪು ಗೊತ್ತಾಗಿದೆ ನೋಡು.

ಜುಲೈ 25ಕ್ಕೆ ಹೊಸ ಕೋಡ್ ಸೇರಿಸುವ ಈ ಸಲದ ಬಾಗಿಲು ಮುಚ್ಚುತ್ತದೆ. ಆಗಸ್ಟ್ ಒಂದಕ್ಕೆ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ಕಡಲಿಗೆ ಇಳಿಯುತ್ತವೆ. ರಿವ್ಯೂ ಆಗದ ಪೆಟ್ಟಿಗೆ ದೋಣಿಗೆ ಬೇಡ ಎಂದು ಮೀನು ಸಂಘದವರು ಹೇಳಿಬಿಟ್ಟಿದ್ದಾರೆ.

ಕೋಡ್ ಚೆನ್ನಾಗಿದೆ, ನನಗೆ ಅದರಲ್ಲಿ ಸಂಶಯ ಇಲ್ಲ. ನೀನು ಒಮ್ಮೆ ಕಣ್ಣಾಡಿಸಿ ಹೆಸರು ಹಾಕಿದರೆ ಆಯಿತು.

ಧೃತಿ


ಕಾಪು
14 ಮೇ 2025

ಧೃತಿ,

‘ಒಮ್ಮೆ ಕಣ್ಣಾಡಿಸಿ’ ಎಂಬ ಮಾತನ್ನು ನನಗೆ ಇನ್ನೊಂದು ಸಲ ಬರೆಯಬೇಡ.

ನಾಲ್ಕು ವರ್ಷದ ಹಿಂದೆ ಮಣಿಪಾಲದ ಆಫೀಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದಾಗ ನೀನು ಇದನ್ನೇ ಹೇಳಿದ್ದೆ. ‘ನನ್ನ ಕೋಡ್ ಅಲ್ವಾ, ಎಂತ ನೋಡ್ಲಿಕ್ಕುಂಟು ಅದರಲ್ಲಿ? ಒಪ್ಪಿಗೆ ಕೊಟ್ಟು ಹೋಗು ಮಾರಾಯ್ತಿ.’ ಅವತ್ತು ಉಮ್ಮನ ಕಣ್ಣಿನ ಆಪರೇಷನ್. ನಾಲ್ಕು ಗಂಟೆಯೊಳಗೆ ನಾನು ಉಡುಪಿಗೆ ಮುಟ್ಟಬೇಕಿತ್ತು. ಓದದೆ ಒಪ್ಪಿಗೆ ಕೊಟ್ಟು ಹೋದೆ. ಎರಡು ವಾರದ ಮೇಲೆ ಆ ಕೋಡಿನಿಂದ ಗಿರಾಕಿಯ ನೆಟ್‌ವರ್ಕ್ ಬಾಗಿಲಿಲ್ಲದ ಮನೆಯಾಯಿತು. ನಮ್ಮ ಮ್ಯಾನೇಜರ್ ಲೆಸ್ಟರ್ ಸರ್ ಎಲ್ಲರ ಮುಂದೆ, ಇದನ್ನು ನೋಡಿದವರು ಯಾರು ಎಂದು ಕೇಳಿದರು. ‘ನೋಡಿ ಒಪ್ಪಿದ್ದು ಹಸೀನಾ’ ಎಂದೆ ನೀನು. ಅದರ ಮುಂದೆ ಒಂದು ಮಾತೂ ಸೇರಿಸಲಿಲ್ಲ. ನಾನು ಕೆಲಸ ಬಿಟ್ಟೆ. ನಿನ್ನ ಫೋನನ್ನೂ ಬಿಟ್ಟೆ.

ಇದನ್ನು ಒಂದೇ ಸಲ ಬರೆಯುತ್ತಿದ್ದೇನೆ. ಇನ್ನು ಕೆಲಸದ ಮಾತು.

ನಿನ್ನ ಕೋಡನ್ನು ಓದುತ್ತೇನೆ. ಗೆಳತಿಯದು ಎಂದೂ ಅಲ್ಲ, ಶತ್ರುವಿನದು ಎಂದೂ ಅಲ್ಲ. ಯಾರದೋ ಕೋಡ್ ಬಂದಿದೆ, ಓದಬೇಕು, ಅಷ್ಟೇ. ಅರವತ್ತೊಂದು ಹಾಳೆಯ ಪ್ರತಿ ಸಾಲನ್ನೂ ಓದುತ್ತೇನೆ. ಹೆಸರು ಹಾಕುವುದೂ ಬಿಡುವುದೂ ನನ್ನ ಕೈಯಲ್ಲುಂಟು, ನಿನ್ನ ಜುಲೈ 25ರ ಕೈಯಲ್ಲಿಲ್ಲ. ಏನು ಹೇಳುವುದಿದ್ದರೂ ಹೀಗೆ ಅಂಚೆಯಲ್ಲೇ ಹೇಳು. ಫೋನಿನಲ್ಲಿ ನೀನು ನನ್ನನ್ನು ನಗಿಸಿಬಿಡುತ್ತೀಯ, ನಕ್ಕ ಮೇಲೆ ನನಗೆ ಇಲ್ಲ ಎನ್ನಲು ಬರುವುದಿಲ್ಲ. ಕಾಗದದಲ್ಲಿ ನಗಿಸಲು ನಿನಗೆ ಅಷ್ಟು ಬರುವುದಿಲ್ಲ ಎಂದು ಈ ಪತ್ರದಿಂದಲೇ ಗೊತ್ತಾಯಿತು. ಆ ಮದುವೆ ಕಾಗದದ ಜೋಕು ಹಳಸಿದ್ದು.

ಉಪ್ಪನೇ ಸಹಿ ಹಾಕಿ ಲಕೋಟೆ ತೆಗೆದುಕೊಂಡರು. ‘ಚೆನ್ನಪ್ಪಣ್ಣನ ಮಗಳಾ? ಬರೆದಳಾ ಅಂತೂ?’ ಎಂದರು. ಅವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಅವರ ಸಿಟ್ಟೂ ನನ್ನ ಪಾಲಿಗೇ ಬಂದಿದೆ.

ಹಸೀನಾ


ಮಣಿಪಾಲ
19 ಮೇ 2025

ಹಸೀನಾ,

ಎಲ್ಲದಕ್ಕೂ ಒಪ್ಪಿಗೆ. ಅಂಚೆಯೇ ಆಗಲಿ. ಇಲ್ಲಿನ ಪೋಸ್ಟ್ ಆಫೀಸಿನಲ್ಲಿ ಸ್ಟಾಂಪು ಕೇಳಿದರೆ, ಕಲೆಕ್ಷನ್ನಿಗಾ ಎಂದು ನನ್ನನ್ನೇ ಕೇಳುತ್ತಾರೆ.

ಓದು, ಧೈರ್ಯವಾಗಿ ಓದು. ಇದಕ್ಕೆ ಎರಡು ವರ್ಷ ಕೊಟ್ಟಿದ್ದೇನೆ. ನಿನಗೆ ಕಾಮಾ ಫುಲ್‌ಸ್ಟಾಪ್ ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ನೀನು ಒಂದೇ ಸಲ ಬರೆಯುತ್ತೇನೆ ಎಂದು ಬರೆದ ಆ ಪ್ಯಾರಾಕ್ಕೆ ನನ್ನ ಹತ್ತಿರ ಸದ್ಯಕ್ಕೆ ಉತ್ತರ ಇಲ್ಲ. ಹಾಗೆಂದು ಓದಿಲ್ಲ ಎಂದುಕೊಳ್ಳಬೇಡ.

ಧೃತಿ


ಕಾಪು
11 ಜೂನ್ 2025

ಧೃತಿ,

ಬಕ್ರೀದಿನ ಗಲಾಟೆಯಲ್ಲಿ ನಾಲ್ಕು ದಿನ ಹೋಯಿತು. ಅಕ್ಕ ಫರ್ಝಾನಾಳ ಮಕ್ಕಳು ನಿನ್ನ ಹದಿನೆಂಟನೇ ಹಾಳೆಯ ಹಿಂದೆ ಆನೆ ಬರೆದಿದ್ದಾರೆ. ಮುಂದಿನ ಬದಿಗಿಂತ ಅದೇ ಚೆನ್ನಾಗಿದೆ.

ಉಳಿದ ಹಾಳೆಗಳ ಬಗ್ಗೆ ನಿಜ ಹೇಳುತ್ತೇನೆ. ನಿನ್ನ ಕೈ ಪಳಗಿದೆ. ಮೊದಲು ನೀನು ಒಂದೇ ಫಂಕ್ಷನ್ನಿನಲ್ಲಿ ಮನೆ ಕಟ್ಟಿ, ಸುಣ್ಣ ಬಳಿದು, ಗೃಹಪ್ರವೇಶವನ್ನೂ ಮುಗಿಸುತ್ತಿದ್ದೆ. ಈಗ ಪ್ಯಾಕೆಟ್ಟಿನ ಮುದ್ರೆ ಸರಿಯಿದೆಯೇ ಎಂದು ನೋಡುವ ತನಕ ಒಳಗಿರುವುದನ್ನು ಮುಟ್ಟುವುದಿಲ್ಲ. ಮುದ್ರೆಯ ಮೊದಲ ಅಕ್ಷರವೇ ತಪ್ಪಿದ್ದರೂ ಕೊನೆಯವರೆಗೆ ಹೋಲಿಸುತ್ತೀಯ. ಪೆಟ್ಟಿಗೆ ಎಷ್ಟು ಹೊತ್ತಿನಲ್ಲಿ ಬೇಡ ಎಂದಿತು ಎಂಬುದರಿಂದಲೂ ಕಳ್ಳನಿಗೆ ಸುಳಿವು ಸಿಗಬಾರದು ಎಂಬುದು ನಿನಗೆ ನೆನಪುಂಟು. ಕೆಲಸ ಮುಗಿದ ಕೀಯನ್ನು ಮೆಮರಿಯಿಂದ ಒರೆಸುತ್ತೀಯ. ಇವನ್ನು ಮರೆಯುವವರನ್ನು ವಾರಕ್ಕೆ ಇಬ್ಬರನ್ನಾದರೂ ನಾನು ನೋಡುತ್ತೇನೆ. ಓದುತ್ತಾ ನನಗೆ ಹೆಮ್ಮೆಯಾಯಿತು. ನನಗೆ ಯಾಕೆ ಹೆಮ್ಮೆಯಾಗಬೇಕು ಎಂದು ಸಿಟ್ಟೂ ಬಂತು.

ಹನ್ನೊಂದು ಕಡೆ ಕೆಂಪು ಪೆನ್ನಿನ ಗುರುತು ಹಾಕಿದ್ದೇನೆ. ಒಂಬತ್ತನೇ ಹಾಳೆಯಲ್ಲಿ, ಬಂದ ಪ್ಯಾಕೆಟ್ಟು ಎಷ್ಟು ಉದ್ದವಿದೆ ಎಂದು ನೋಡದೆಯೇ ನಕಲು ಮಾಡಿದ್ದೀಯ. ಅದು ಕಾಮಾ ಫುಲ್‌ಸ್ಟಾಪ್ ಅಲ್ಲ. ಆದರೆ ಐದು ನಿಮಿಷದಲ್ಲಿ ಸರಿಮಾಡುತ್ತೀಯ.

ದೊಡ್ಡ ಪ್ರಶ್ನೆ ಇರುವುದು ನಲವತ್ತಮೂರನೇ ಹಾಳೆಯಲ್ಲಿ. ಪೆಟ್ಟಿಗೆಗೆ ಒಂದು ಕೀ, ಪ್ರತಿ ಪ್ಯಾಕೆಟ್ಟಿಗೂ ಒಂದು ಸಂಖ್ಯೆ. ಎರಡೂ ಸೇರಿದರೆ ಬೀಗ. ಅದೇ ಕೀಯ ಜೊತೆ ಅದೇ ಸಂಖ್ಯೆ ಎರಡು ಸಲ ಬಂದರೆ ಆ ಎರಡು ಪ್ಯಾಕೆಟ್ಟುಗಳಿಗೆ ಬೀಗ ಹಾಕಿದ್ದೂ ಒಂದೇ, ಹಾಕದೆ ಬಿಟ್ಟದ್ದೂ ಒಂದೇ. ಇದನ್ನು ನಿನಗೆ ನಾನು ಕಲಿಸಬೇಕಾಗಿಲ್ಲ. ನಿನ್ನ ಕೀಯನ್ನು ಸಂಘದ ಕಚೇರಿಯಲ್ಲಿ ಒಮ್ಮೆ ಹಾಕಿದರೆ ವರ್ಷವಿಡೀ ಅದೇ, ಸಂಖ್ಯೆ ಮಾತ್ರ ಏರುತ್ತಾ ಹೋಗಬೇಕು. ಹಾಗಾದರೆ ಪೆಟ್ಟಿಗೆ ಆಫ್ ಆಗಿ ಮತ್ತೆ ಆನ್ ಆದಾಗ, ತಾನು ಎಲ್ಲಿ ನಿಲ್ಲಿಸಿದ್ದೆ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಇದಕ್ಕೆ ಉತ್ತರ ಬಂದ ಮೇಲೆ ಮುಂದಿನ ಹಾಳೆ ತಿರುಗಿಸುತ್ತೇನೆ.

ಹಸೀನಾ


ಮಣಿಪಾಲ
17 ಜೂನ್ 2025

ಹಸೀನಾ,

ಮುಂದಿನ ಹಾಳೆ ತಿರುಗಿಸಿದ್ದರೆ ಉತ್ತರ ಅಲ್ಲೇ ಇತ್ತು. ಸ್ವಿಚ್ಚನ್ನು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಪೆಟ್ಟಿಗೆ ಕೊನೆಯ ಸಂಖ್ಯೆಯನ್ನು ಬರೆದಿಟ್ಟು ಆಫ್ ಆಗುತ್ತದೆ. ಆನ್ ಆದಾಗ ಅದನ್ನು ಓದಿ ಅಲ್ಲಿಂದ ಮುಂದುವರಿಯುತ್ತದೆ. ನನ್ನ ಮೇಜಿನ ಮೇಲೆ ನಾನೂರು ಸಲ ಆಫ್ ಮಾಡಿ ಆನ್ ಮಾಡಿದ್ದೇನೆ. ನಾನೂರು ಸಲವೂ ಸರಿಯಾಗಿ ಬಂದಿದೆ.

ಒಂದು ವೇಳೆ ತಪ್ಪಿ ಹಳೆಯ ಸಂಖ್ಯೆಯೇ ಹೋಯಿತು ಎಂದುಕೋ. ಕೇಳುವ ಪೆಟ್ಟಿಗೆ ಹಳೆಯ ಸಂಖ್ಯೆಯ ಪ್ಯಾಕೆಟ್ಟನ್ನು ಎಸೆದುಬಿಡುತ್ತದೆ. ಅಂದರೆ ಒಂದಲ್ಲ, ಎರಡು ಬೀಗ. ನಿನ್ನ ಹನ್ನೊಂದು ಗುರುತುಗಳನ್ನು ಒಪ್ಪಿಕೊಂಡು ಸರಿಮಾಡಿದ್ದೇನೆ, ಹೊಸ ಹಾಳೆಗಳು ಜೊತೆಗುಂಟು.

ಈಗ ಒಂದು ಮಾತು ನೇರವಾಗಿ ಕೇಳುತ್ತೇನೆ. ಮೇ ಹದಿನಾಲ್ಕಕ್ಕೆ ಹಿಡಿದ ಕೋಡ್ ಜೂನ್ ಹದಿನೇಳಾದರೂ ನಲವತ್ತಮೂರನೇ ಹಾಳೆಯಲ್ಲೇ ನಿಂತಿದೆ. ಪೆಟ್ಟಿಗೆಗಳು ರೆಡಿಯಾಗಿ ಕೂತಿವೆ. ಅಪ್ಪ ಮೀನು ಸಂಘದಲ್ಲಿ ನನ್ನ ಮಗಳು ಮಾಡಿದ್ದು ಎಂದು ಎಲ್ಲರಿಗೂ ಹೇಳಿ ಆಗಿದೆ. ನೀನು ಬೇಕೆಂದೇ ತಡ ಮಾಡುತ್ತಿದ್ದೀಯಾ? ಹಳೆಯ ಸಿಟ್ಟು ನನ್ನ ಮೇಲೆ ಇರಲಿ, ಅದನ್ನು ನನ್ನ ಕೋಡಿನ ಮೇಲೆ ತೀರಿಸಬೇಡ.

ಧೃತಿ


ಕಾಪು
28 ಜೂನ್ 2025

ಧೃತಿ,

ನಿನ್ನ ಕೊನೆಯ ಪ್ಯಾರಾ ಓದಿ ಕಾಗದವನ್ನು ಹರಿಯಬೇಕೆಂದಿದ್ದೆ. ಹಿಂದೆ ಹೊಸ ಹಾಳೆಗಳು ಇದ್ದವು, ಉಳಿಸಿದೆ. ಕೇಳು: ನನಗೆ ಸಿಟ್ಟು ತೀರಿಸುವುದಿದ್ದರೆ ಓದದೆ ಹೆಸರು ಹಾಕಿ ಕಳುಹಿಸುತ್ತಿದ್ದೆ. ಅದಕ್ಕಿಂತ ದೊಡ್ಡ ಸೇಡು ನಿನ್ನ ಮೇಲೆ ಬೇರೆ ಯಾವುದೂ ಇಲ್ಲ.

ನಿನ್ನ ನಲವತ್ತನಾಲ್ಕನೇ ಹಾಳೆ ಓದಿದೆ. ಮಣಿಪಾಲದ ಮೇಜಿಗೆ ಅದು ಸರಿ. ದೋಣಿಗೆ ಅಲ್ಲ. ನೀನು ಹತ್ತು ವರ್ಷದವಳಿರುವಾಗಲೇ ನಿನ್ನನ್ನು ಓದಿಗೆಂದು ಕಾರ್ಕಳದ ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ದೋಣಿಯನ್ನು ನೀನು ನೋಡಿದ್ದು ರಜೆಯಲ್ಲಿ. ನಾನು ಬೆಳೆದದ್ದು ದೋಣಿಗಳಿಗೆ ಬ್ಯಾಟರಿ ಮಾರುವ ಅಂಗಡಿಯ ಕೌಂಟರಿನ ಹಿಂದೆ. ದೋಣಿ ದಡಕ್ಕೆ ಬಂದ ಮೇಲೆ ಡ್ರೈವರ್ ಮಾಡುವ ಮೊದಲ ಕೆಲಸ ಏನು ಗೊತ್ತಾ? ಬ್ಯಾಟರಿಯ ವಯರನ್ನು ಕಳಚುವುದು. ‘ಲೈಟು ಗೀಟು ಉಳಿದ್ರೆ ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಆಗ್ಲಿಕ್ಕಿಲ್ಲ, ವಯರ್ ತೆಗೆದೇ ಮನೆಗೆ ಹೋಗಿ’ ಎಂದು ನನ್ನ ಉಪ್ಪ ಮೂವತ್ತು ವರ್ಷದಿಂದ ಬ್ಯಾಟರಿಯ ಜೊತೆ ಈ ಬುದ್ಧಿಯನ್ನೂ ಕೊಟ್ಟು ಕಳುಹಿಸುತ್ತಿದ್ದಾರೆ. ಹೆಜಮಾಡಿಯಿಂದ ಮಲ್ಪೆಯ ತನಕ ನಿನ್ನ ಸ್ವಿಚ್ಚನ್ನು ನಾಲ್ಕು ಸೆಕೆಂಡು ಒತ್ತಿ ಹಿಡಿಯುವ ಗಂಡಸು ಹುಟ್ಟಿಲ್ಲ.

ವಾದ ಬೇಡ ಎಂದು ಹೋಗಿ ನೋಡಿಯೇ ಬಂದೆ. ಕಳೆದ ಭಾನುವಾರ ಹೆಜಮಾಡಿಗೆ ಹೋದೆ. ನಿನ್ನ ತಮ್ಮ ಯೋಗೀಶ್ ದಡಕ್ಕೆ ಎಳೆದು ತಾಡಪಾಲು ಹೊದಿಸಿದ ದೋಣಿಯೊಳಗೆ ಕೂರಿಸಿದ. ಒಂದು ಪೆಟ್ಟಿಗೆ ಅವನ ಕೈಯಲ್ಲಿ, ಇನ್ನೊಂದು ಮನೆಯಲ್ಲಿ ನಿನ್ನ ಅಮ್ಮನ ಹತ್ತಿರ. ಗಾಳಿಯಲ್ಲಿ ಹೋದದ್ದನ್ನು ಕದ್ದು ಹಿಡಿಯುವ ಸಣ್ಣ ಯಂತ್ರವೊಂದು ನನ್ನ ಚೀಲದಲ್ಲಿ. ಮೊದಲು ನಾನು ಬರೆದುಕೊಟ್ಟ ಉದ್ದದ ಒಂದು ವಾಕ್ಯವನ್ನು ಅವನು ಕಳುಹಿಸಿದ, ಅದು ಮನೆಗೆ ಮುಟ್ಟಿತು. ಆಮೇಲೆ ದಿನಾ ಮಾಡುವ ಹಾಗೆ ಬಂದ್ ಮಾಡು ಎಂದೆ. ಅವನು ಯೋಚಿಸಲೂ ಇಲ್ಲ, ಕೈ ಹಾಕಿ ವಯರ್ ಕಿತ್ತ. ಪುನಃ ಸಿಕ್ಕಿಸಿದ ಮೇಲೆ, ಈಗ ನಿನಗೆ ಬೇಕಾದದ್ದನ್ನು ಕಳುಹಿಸು, ನನಗೆ ಹೇಳಬೇಡ ಎಂದೆ. ಕಳುಹಿಸಿದ. ಮನೆಯಿಂದ ಉತ್ತರಕ್ಕೆ ಕಾದು, ‘ಎರಡನೇದು ಮನೆಗೆ ಹೋಗ್ಲೇ ಇಲ್ಲ ಹಸೀನಕ್ಕ’ ಎಂದ.

ಎರಡೂ ಪ್ಯಾಕೆಟ್ಟಿನ ಸಂಖ್ಯೆ ಒಂದೇ, ಇನ್ನೂರ ಹನ್ನೆರಡು. ಮೊದಲನೆಯದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತಲ್ಲ, ಕಾಪುವಿಗೆ ಬಂದು ಅದನ್ನೇ ಹಿಡಿದುಕೊಂಡು ಎರಡನೆಯದನ್ನು ಬಿಡಿಸಿದೆ. ನಿನ್ನ ಕೀ ನನಗೆ ಬೇಕಾಗಲಿಲ್ಲ. ಒಂದು ಲೋಟ ಚಾ ಕುಡಿದು ಮುಗಿಯುವಷ್ಟು ಹೊತ್ತು ಹಿಡಿಯಿತು. ಅದರಲ್ಲಿ ಇದ್ದದ್ದು ಇದು: ‘ಅಮ್ಮ ಹಸೀನಕ್ಕ ಊಟಕ್ಕೆ ಉಂಟು ಎಟ್ಟಿ ಸುಕ್ಕ ಮಾಡಿ.’ ಸಂದೇಶ ಮುಟ್ಟದ ಕಾರಣ ಸಿಗಡಿಯ ಬದಲು ನನಗೆ ನಿಮ್ಮ ಮನೆಯಲ್ಲಿ ಸಿಕ್ಕಿದ್ದು ಸೌತೆಕಾಯಿ ಹುಳಿ. ನನ್ನ ಪಾಲಿನ ಎಟ್ಟಿಯನ್ನು ನಿನ್ನ ಕೋಡ್ ತಿಂದಿದೆ.

ಇಲ್ಲಿಗೆ ತಮಾಷೆ ಮುಗಿಯಿತು. ನಿನ್ನ ಎರಡನೇ ಬೀಗ ಕದ್ದು ಕೇಳುವವನನ್ನು ತಡೆಯುವುದಿಲ್ಲ, ಅವನು ಹಳೆಯ ಸಂಖ್ಯೆ ಎಂದು ಎಸೆಯಬೇಕಾಗಿಲ್ಲ. ಅದು ತಡೆಯುವುದು ನಮ್ಮವರನ್ನು. ಎಟ್ಟಿಯ ಜಾಗದಲ್ಲಿ ಕೆಂಪು ಗುಂಡಿಯನ್ನು ಇಟ್ಟು ನೋಡು. ಹಿಂದಿನ ದಿನ ವಯರ್ ಕಳಚಿದ ದೋಣಿ ಮರುದಿನ ಕಡಲಿನಲ್ಲಿ ಮಗುಚುತ್ತದೆ, ಯೋಗೀಶ್ ಗುಂಡಿ ಒತ್ತುತ್ತಾನೆ, ಉಳಿದ ಹದಿನಾರು ಪೆಟ್ಟಿಗೆಗಳು ಅದನ್ನು ಹಳೆಯದೆಂದು ಎಸೆಯುತ್ತವೆ.

ಈ ಕೋಡಿಗೆ ನನ್ನ ಹೆಸರು ಇಲ್ಲ.

ಹಸೀನಾ


ಹೆಜಮಾಡಿ
3 ಜುಲೈ 2025

ಹಸೀನಾ,

ನಿನ್ನ ಕಾಗದ ಓದಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಿನ್ನ ಮೇಲೆ ಸಿಟ್ಟಿತ್ತು. ಮನೆಗೆ ಮುಟ್ಟಿ ಅಪ್ಪನ ಹತ್ತಿರ ಸ್ವಿಚ್ ಒತ್ತುತ್ತೀರಾ ಎಂದು ಕೇಳಿದೆ. ಅವರು ನಗಾಡಿದರು. ‘ಒತ್ತಿ ಹಿಡ್ಕೊಳ್ಳಿಕ್ಕೆ ಯಾರ ಕೈ ಖಾಲಿ ಉಂಟು ಮಗಾ? ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಬುಟ್ಟಿ. ವಯರ್ ಎಳೆದ್ರೆ ಆಯ್ತು. ಹಕೀಂ ಬ್ಯಾರಿಗಳು ಹೇಳಿದ್ದು ಅದು.’

ಆಮೇಲೆ ಇನ್ನೊಂದು ಹೇಳಿದರು. ಮೇ ತಿಂಗಳಲ್ಲಿ ಪೆಟ್ಟಿಗೆಯನ್ನು ದೋಣಿಯಲ್ಲಿಟ್ಟು ನೋಡಿದಾಗ ಮೂರು ದಿನ ಬೆಳಗಿನ ಸಂದೇಶ ಯಾರಿಗೂ ಮುಟ್ಟಿರಲಿಲ್ಲ. ಅದನ್ನು ನನಗೆ ಆಗಲೇ ತಿಳಿಸಿದ್ದರು. ಗಾಳಿಗೆ ಹಾಗಾಗುತ್ತದೆ ಎಂದು ನಾನು ಅವರಿಗೆ ಅರ್ಧ ಗಂಟೆ ವಿವರಿಸಿದ್ದೆ. ನಲವತ್ತು ವರ್ಷ ಕಡಲಿನಲ್ಲಿದ್ದವರಿಗೆ ಗಾಳಿಯ ಬಗ್ಗೆ! ಮಗಳಿಗೆ ಗೊತ್ತಿರುತ್ತದೆ ಎಂದು ಅವರು ನಂಬಿದ್ದರು.

ನನಗೆ ನಾಚಿಕೆಯಾಗಿದೆ, ಹಸೀನಾ. ನಾನು ಈ ಮನೆಯ ಮಗಳು, ವಯರ್ ಕಳಚುವುದು ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಯೋಗೀಶ್ ಆ ದೋಣಿಯಲ್ಲಿ ಹೋಗುವವನು. ಕೆಂಪು ಗುಂಡಿಯ ನಿನ್ನ ಸಾಲುಗಳನ್ನು ನಾನು ಅಮ್ಮನಿಗೆ ಓದಿ ಹೇಳಲಿಲ್ಲ.

ಕೋಡನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಂಘದವರಿಗೆ ನಾಳೆ ಹೇಳುತ್ತೇನೆ.

ಧೃತಿ


ಕಾಪು
7 ಜುಲೈ 2025

ಧೃತಿ,

ಹಿಂದಕ್ಕೆ ತೆಗೆದುಕೋ ಎಂದು ಯಾರು ಹೇಳಿದ್ದು? ನನ್ನ ಹೆಸರು ಇಲ್ಲ ಎಂದೆ, ನಿನ್ನ ಕೋಡ್ ಬೇಡ ಎನ್ನಲಿಲ್ಲ. ಅರವತ್ತೊಂದರಲ್ಲಿ ಐವತ್ತೊಂಬತ್ತು ಹಾಳೆ ಗಟ್ಟಿಯುಂಟು. ಎರಡು ಹಾಳೆಗೆ ಹೆದರಿ ಮನೆಯಲ್ಲಿ ಕೂರುವವಳಾ ನೀನು? ಕಾಲೇಜಿನಲ್ಲಿ ಲ್ಯಾಬಿನ ಕಂಪ್ಯೂಟರ್ ಸುಟ್ಟು, ಮರುದಿನ ಅದೇ ಬೆಂಚಿನಲ್ಲಿ ಬಂದು ಕೂತವಳು.

ಹೇಗೆ ಸರಿಮಾಡಬೇಕು ಎಂದು ನನಗೆ ಗೊತ್ತುಂಟು. ಹೇಳುವುದಿಲ್ಲ. ಹೇಳಿದರೆ ಅದು ನನ್ನ ಕೋಡಾಗುತ್ತದೆ, ನನ್ನದನ್ನು ನಾನೇ ಓದಿ ಒಪ್ಪಲು ಆಗುವುದಿಲ್ಲ. ನೀನೇ ಮಾಡು. ಇನ್ನೂ ಹದಿನೆಂಟು ದಿನ ಉಂಟು. ವಯರ್ ಕಳಚುವುದನ್ನು ಮಾತ್ರ ಯಾರಿಗೂ ಬಿಡಿಸಲು ಹೋಗಬೇಡ, ಉಪ್ಪನ ಮಾತು ಮೂವತ್ತು ವರ್ಷದ್ದು.

ಹಸೀನಾ


ಕಾರ್ಕಳ
16 ಜುಲೈ 2025

ಹಸೀನಾ,

ದೊಡ್ಡಮ್ಮನ ಮನೆಯಿಂದ ಬರೆಯುತ್ತಿದ್ದೇನೆ. ಹೊಸ ಹಾಳೆಗಳು ಜೊತೆಗುಂಟು.

ಮೊದಲು ಪ್ರತಿ ಪ್ಯಾಕೆಟ್ಟಿಗೂ ಸಂಖ್ಯೆ ಬರೆದಿಡುವ ಹಾಗೆ ಮಾಡಿದೆ. ಹಾಗೆ ಬರೆಯುತ್ತಾ ಹೋದರೆ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲ ಬರುವುದರೊಳಗೆ ಪೆಟ್ಟಿಗೆಯ ಮೆಮರಿ ಸವೆದು ಹೋಗುತ್ತದೆ. ತಲೆ ಕೆಟ್ಟು ಇಲ್ಲಿಗೆ ಬಂದರೆ ದೊಡ್ಡಮ್ಮನಿಗೆ ಹಲ್ಲುನೋವು. ಹಲ್ಲಿನ ಡಾಕ್ಟರಲ್ಲಿ ಲೊರ್ನಾ ಎಂಬ ಶಿರ್ವದ ಹುಡುಗಿ ಟೋಕನ್ ಕೊಡುತ್ತಾಳೆ. ಕರೆಂಟು ಹೋದರೆ ಅವಳ ಟೋಕನ್ ಯಂತ್ರ ಎಲ್ಲಿಗೆ ನಿಂತಿತ್ತೆಂದು ಮರೆಯುತ್ತದೆ. ಕರೆಂಟು ಬಂದ ಮೇಲೆ ಅವಳು ಸೀದಾ ಮುಂದಿನ ನೂರರಿಂದ ಶುರುಮಾಡಿದಳು. ದೊಡ್ಡಮ್ಮನದು ಹದಿನಾಲ್ಕು, ನಂತರದವರಿಗೆ ನೂರ ಒಂದು! ಯಾಕೆ ಎಂದು ಕೇಳಿದೆ. ‘ನಡುವಿನ ನಂಬರ್ ಹೋದ್ರೆ ಹೋಯ್ತು ಮೇಡಂ. ಇಬ್ಬರ ಕೈಗೆ ಒಂದೇ ನಂಬರ್ ಬಂದ್ರೆ ಜಗಳ ಬಿಡಿಸುವುದು ಯಾರು?’ ಎಂದಳು. ದೊಡ್ಡಮ್ಮನನ್ನು ಅಲ್ಲೇ ಕೂರಿಸಿ ನಾನು ಲ್ಯಾಪ್‌ಟಾಪ್ ತೆರೆದೆ.

ಈಗ ಪೆಟ್ಟಿಗೆ ಮೊದಲೇ ನಾಲ್ಕು ಸಾವಿರ ಸಂಖ್ಯೆಯನ್ನು ನನ್ನದು ಎಂದು ಬರೆದಿಡುತ್ತದೆ, ಆಮೇಲೆ ಅವನ್ನು ಬಳಸುತ್ತದೆ. ನಡುವೆ ವಯರ್ ಕಳಚಿದರೆ ಎಚ್ಚರವಾದಾಗ ಆ ಗುರುತಿನಿಂದ ಆಚೆಗೇ ಶುರು. ಉಳಿದ ಸಂಖ್ಯೆ ಹೋದರೆ ಹೋಯಿತು. ನಡುವೆ ನಾನು ಹೆಜಮಾಡಿಗೆ ಹೋದಾಗ ಮುನ್ನೂರು ಸಲ ವಯರ್ ಕಿತ್ತು ನೋಡಿದೆವು. ನೂರು ಅಪ್ಪ, ನೂರು ಯೋಗೀಶ್, ನೂರು ನಾನು. ಒಂದು ಸಂಖ್ಯೆಯೂ ಎರಡು ಸಲ ಬರಲಿಲ್ಲ, ಒಂದು ಸಂದೇಶವೂ ಮುಟ್ಟದೆ ಉಳಿಯಲಿಲ್ಲ.

ಇನ್ನು ನಾನು ಉತ್ತರ ಕೊಡದ ಪ್ಯಾರಾ. ಆ ದಿನ ಓದಬೇಡ, ಹೋಗು ಎಂದದ್ದು ನಾನು. ಲೆಸ್ಟರ್ ಸರ್ ಕೇಳಿದಾಗ ಅದನ್ನು ಹೇಳದೆ ಉಳಿದದ್ದೂ ನಾನು. ಹೆದರಿದ್ದೆ. ನೀನು ಏನಾದರೂ ಹೇಳಿಯೇ ಹೇಳುತ್ತೀಯ, ಆಗ ಒಪ್ಪಿಕೊಂಡರಾಯಿತು ಎಂದುಕೊಂಡೆ. ನೀನು ಹೇಳಲಿಲ್ಲ. ಆಮೇಲೆ ಪ್ರತಿದಿನವೂ ತಡವಾಯಿತು ಎನ್ನಿಸುತ್ತಿತ್ತು, ತಡವಾಗುತ್ತಲೇ ಹೋಯಿತು. ಮೊನ್ನೆ ಲೆಸ್ಟರ್ ಸರ್‌ಗೆ ಎಲ್ಲವನ್ನೂ ಬರೆದು ಕಳುಹಿಸಿದ್ದೇನೆ. ನನ್ನಿಂದ ತಪ್ಪಾಯಿತು, ಹಸೀನಾ.

ಕೋಡಿನ ತಲೆಯಲ್ಲಿ ಬರೆದವರು ಎಂದು ನನ್ನ ಹೆಸರಿನ ಜೊತೆ ನಿನ್ನ ಹೆಸರನ್ನೂ ಹಾಕಿದ್ದೇನೆ. ನ್ಯಾಯವಾಗಿ ಇದು ನಮ್ಮಿಬ್ಬರದು. ಅಷ್ಟಾದರೂ ನಿನಗೆ ಸಲ್ಲಬೇಕು.

ಧೃತಿ


ಕಾಪು
22 ಜುಲೈ 2025

ಧೃತಿ,

ಎರಡು ಸಲ ಮನಸ್ಸಿನಲ್ಲಿ ಓದಿದೆ. ಮೂರನೇ ಸಲ ಉಮ್ಮನನ್ನು ಎದುರಿಗೆ ಕೂರಿಸಿ ಗಟ್ಟಿಯಾಗಿ ಓದಿದೆ. ಉಮ್ಮನಿಗೆ ಕೋಡ್ ತಿಳಿಯುವುದಿಲ್ಲ, ಆದರೆ ಗಟ್ಟಿಯಾಗಿ ಓದುವಾಗ ನನಗೆ ತಿಳಿಯದ ಜಾಗದಲ್ಲಿ ನಾಲಗೆ ತೊಡರುತ್ತದೆ. ಒಂದೇ ಕಡೆ ತೊಡರಿತು. ಆ ನಾಲ್ಕು ಸಾವಿರದ ಗುರುತನ್ನು ಬರೆಯುತ್ತಿರುವಾಗಲೇ ವಯರ್ ಕಿತ್ತರೆ? ಸಿಕ್ಕಿಬಿದ್ದಳು ಎಂದು ಖುಷಿಯಲ್ಲಿ ಹಾಳೆ ತಿರುಗಿಸಿದೆ. ನೀನು ಎರಡು ಜಾಗದಲ್ಲಿ ಬದಲಿಸಿ ಬದಲಿಸಿ ಬರೆದಿದ್ದೀಯ, ಒಂದು ಹಾಳಾದರೂ ಇನ್ನೊಂದು ಉಳಿಯುವ ಹಾಗೆ. ಉಮ್ಮ ಯಾಕೆ ನಗುತ್ತೀ ಎಂದು ಕೇಳಿದರು. ಸೋತೆ ಎಂದೆ.

ಕೋಡಿನ ತಲೆಯಲ್ಲಿ ನೀನು ಬರೆದ ನನ್ನ ಹೆಸರನ್ನು ಹೊಡೆದುಹಾಕಿದ್ದೇನೆ. ಅದು ಅಲ್ಲಿದ್ದರೆ ನಾನು ಕೆಳಗೆ ಹೆಸರು ಹಾಕುವ ಹಾಗಿಲ್ಲ. ನನಗೆ ಬೇಕಾದದ್ದು ಕೆಳಗಿನ ಜಾಗ. ಇವತ್ತು ಬೆಳಿಗ್ಗೆ ಎಲ್ಲರೂ ನೋಡುವ ಮೇಲಿಂಗ್ ಲಿಸ್ಟಿಗೆ ಕಳುಹಿಸಿದೆ: ಬರೆದವರು ಧೃತಿ, ಹೆಜಮಾಡಿ. ಓದಿ ಒಪ್ಪಿದವರು ಹಸೀನಾ, ಕಾಪು. ನಿನ್ನ ಪೆಟ್ಟಿಗೆಗಳು ಆಗಸ್ಟ್ ಒಂದಕ್ಕೆ ಕಡಲಿಗೆ ಹೋಗಲಿ. ಯೋಗೀಶನಿಗೆ ಹೇಳು, ಗುಂಡಿ ಒತ್ತಿದರೆ ಕೇಳುತ್ತದೆ.

ಲೆಸ್ಟರ್ ಸರ್ ಫೋನು ಮಾಡಿದ್ದರು. ‘ಹಳೇ ಫೈಲಿನಲ್ಲಿ ನಿಮ್ಮ ಹೆಸರು ತೆಗೆಸ್ತೇನೆ ಹಸೀನಾ, ನಮ್ಮಿಂದ ಅನ್ಯಾಯ ಆಗಿದೆ’ ಎಂದರು. ತೆಗೆಯಬೇಡಿ ಸರ್ ಎಂದೆ. ನೀನು ಓದಬೇಡ ಎಂದದ್ದು ನಿಜ, ಆದರೆ ನನ್ನ ಕೈ ಹಿಡಿದು ಹೆಸರು ಹಾಕಿಸಲಿಲ್ಲ. ಓದದೆ ಹಾಕಿದ್ದು ನಾನು. ನಾಲ್ಕು ವರ್ಷ ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಇಷ್ಟನ್ನು ನಾನು ನನಗೂ ಹೇಳಿಕೊಂಡಿರಲಿಲ್ಲ.

ಆ ದಿನ ನೋವಾದದ್ದು ಕೆಲಸಕ್ಕಲ್ಲ. ನೀನು ನನ್ನ ಮುಖ ನೋಡದೆ ನನ್ನ ಹೆಸರು ಹೇಳಿದೆ. ಕೆಲಸ ಬೇರೆ ಸಿಗುತ್ತದೆ, ಗೆಳತಿ ಹೋದಳಲ್ಲ ಎಂದು ಅತ್ತಿದ್ದೇನೆ. ನೀನು ಹೆದರಿದ್ದೆ ಎಂದು ಈಗ ಬರೆದಿದ್ದೀಯ. ನಂಬುತ್ತೇನೆ. ಸಿಟ್ಟು ಹೋಗಿದೆ, ಹುಡುಕಿದರೂ ಸಿಗುತ್ತಿಲ್ಲ.

ಜರ್ಮನಿಯವರು ಆಗಲೇ ಉತ್ತರ ಬರೆದಿದ್ದಾರೆ, ಈ ಧೃತಿ ಎಂಬವರ ಕೈ ಬಹಳ ಒಳ್ಳೆಯದು, ಮುಂದಿನ ಸಲ ಇಷ್ಟು ಹೊತ್ತು ಓದಬೇಕಾಗಿಲ್ಲ ಎಂದು. ಅವರ ಮಾತು ಕೇಳಬೇಡ. ಇನ್ನು ಮುಂದೆ ಬರೆದದ್ದನ್ನೆಲ್ಲ ನನಗೇ ಕಳುಹಿಸು, ಧೃತಿ. ಬೇರೆಯವರು ನಿನ್ನನ್ನು ನಂಬಿಬಿಡುತ್ತಾರೆ.

ನಿನ್ನ
ಹಸೀನಾ